ಕೆಟ್ಟಿದ್ದಲ್ಲ, ಬಿಚ್ಚಿದ್ದು

ಎದುರುಮನೆ ಯಜಮಾನರ ಎಡಗಿವಿ ಪೂರ್ತಿ ಕಿವುಡು. ಯಾರಾದ್ರೂ ಕರೆದ್ರೆ ಬರೀ ತಲೆ ತಿರುಗಿಸ್ತಿರಲಿಲ್ಲ, ಫಿರಂಗಿ ತಿರುಗಿಸ್ದಂಗೆ ಇಡೀ ಮೈನೇ ತಿರುಗಿಸೋರು. ನಾನು ಬೇಕಂತಲೇ ಎಡಗಡೆಯಿಂದ ಕರೀತಿದ್ದೆ. ಬಸವೇಶ್ವರನಗರದಲ್ಲಿ ನನ್ನ ಕೀಟಲೆಗೆ ಸಿಗದೇ ಇರೋರು ಯಾರೂ ಇಲ್ಲ. ಆದ್ರೆ ಈ ರಿಟೈರ್ಡ್ ಯಜಮಾನರನ್ನ ಕಾಡಿಸಿದಷ್ಟು ಖುಷಿಯಾಗಿ ಇನ್ಯಾರನ್ನೂ ಕಾಡಿಸಿಲ್ಲ.

ವಾಯುಪಡೇಲಿ ಕ್ಯಾನ್‌ಬೆರಾ ಅನ್ನೋ ಬಾಂಬರ್ ವಿಮಾನದ ಬಿಡಿಭಾಗದ ಸ್ಟೋರ್ಸ್ ನೋಡ್ಕೊಳ್ತಿದ್ರು. ಅದರ ಎಂಜಿನ್ ಶುರು ಮಾಡೋಕೆ ಬಂದೂಕಿನ ತೋಟಾ ಥರದ್ದು ಸಿಡಿಸ್ಬೇಕಿತ್ತಂತೆ. ಢಂ ಅಂತ ಸದ್ದು, ಕಪ್ಪು ಹೊಗೆ. ಕಿವಿ ಹೋಗಿದ್ದು ಹಂಗೆ. ಬ್ರಿಟಿಷರು ಮಾಡಿದ ವಿಮಾನ, ನಮ್ಮಲ್ಲಿ ಹತ್ತಿರ ಹತ್ತಿರ ಐವತ್ತು ವರ್ಷ ಹಾರ್ತು. ಬರ್ತಾ ಬರ್ತಾ ಹೊಸ ಪಾರ್ಟ್ಸ್ ಸಿಗೋದೇ ನಿಂತೋಯ್ತು. ಆಗ ಒಂದು ವಿಮಾನನ ನೆಲದಲ್ಲೇ ನಿಲ್ಲಿಸ್ಕೊಂಡು, ಪಂಪು, ಚಕ್ರ, ಮೀಟರು ಅಂತ ಒಂದೊಂದೇ ಬಿಚ್ಚಿ ಬೇರೆಯವಕ್ಕೆ ಹಾಕೋರು. ಪ್ರತಿ ಸಲ ಬಿಚ್ಚೋ ಮುಂಚೆ ಇವರು ಅದರ ಹೊಟ್ಟೆ ತಟ್ಟಿ "ಬೇಜಾರ್ ಮಾಡ್ಕೋಬೇಡಮ್ಮ" ಅನ್ನೋರಂತೆ. ನಿಮ್ಮನೆಯವರಿಗೆ ಒಂದಿನನಾದ್ರೂ ಹಂಗಂದಿದೀರಾ ಸಾರ್ ಅಂತ ಕೆಣಕಿದ್ರೆ, ಅಡುಗೆಮನೆಯಿಂದ ಅವರ ಹೆಂಡ್ತಿ, "ಚೆನ್ನಾಗ್ ಕೇಳಿ" ಅನ್ನೋರು.

ಆ ವಿಮಾನನೇ ಕೊನೆಗೆ ನಮ್ಮ ಪಾರ್ಕಿಗೆ ಬಂತು, ಕಟ್ಟೆ ಮೇಲೆ ನಿಲ್ಲಿಸೋಕೆ. ಬಾಲದ ನಂಬರ್ ನೋಡಿ ಗುರುತು ಹಿಡಿದ್ರು. ಖುಷಿಗೆ ಅವತ್ತು ಮನುಷ್ಯ ಊಟಾನೇ ಮಾಡ್ಲಿಲ್ಲ. ಆಮೇಲೆ ನಮ್ಮ ಬಡಾವಣೆ ಅಸೋಸಿಯೇಷನ್‌ನೋರು ಬೋರ್ಡ್ ಹಾಕಿದ್ರು: "ಕೆಟ್ಟುಹೋಗಿ ಹಾರಾಟಕ್ಕೆ ಯೋಗ್ಯವಲ್ಲದ ಹಳೆಯ ಫೈಟರ್ ವಿಮಾನ."

ಇದು ಫೈಟರ್ ಅಲ್ಲ, ಬಾಂಬರ್ ಅಂತ ಹೇಳೋಕೆ ಅಸೋಸಿಯೇಷನ್ ಪ್ರೆಸಿಡೆಂಟ್ ಹತ್ರ ಹೋದ್ವಿ. ಅವನು ಮೊಬೈಲಿಂದ ಕಣ್ಣೆತ್ತದೇ, "ಯಾವ್ದಾದ್ರೇನ್ ಅಂಕಲ್, ಜನ ಬರೋದು ಸೆಲ್ಫಿಗೆ" ಅಂದ.

ಯಜಮಾನರು ಅವನ ಮೊಬೈಲ್ ಮೇಲೆ ಕೈಯಿಟ್ರು. "ಅದು ಕೆಟ್ಟಿದ್ದಲ್ಲಪ್ಪ, ನಾವು ಬಿಚ್ಚಿದ್ದು. ಅದು ನಿಂತಿದ್ದಕ್ಕೇ ಉಳಿದವು ಹಾರಿದ್ದು. ಅಷ್ಟು ಬರೀರಿ, ಸಾಕು."

ನೋಡೋಣ ಅಂದ. ಇವರು ವಾರವಾರ ಹೋದ್ರು. ಪ್ಲಾಸ್ಟಿಕ್ ಕುರ್ಚಿ ಹಾಕಿ, ಕಾಫಿ ಕೊಟ್ಟು, ಕಳಿಸೋರು. ಲೀಡರ್ ಫೋಟೋ ಎರಡಿಂಚು ಚಿಕ್ಕದಾಯ್ತು ಅಂತ ಇಡೀ ಫ್ಲೆಕ್ಸನ್ನೇ ಒಂದು ದಿನದಲ್ಲಿ ಬದಲಾಯಿಸೋ ಜನ ಈ ಅಸೋಸಿಯೇಷನ್‌ನೋರು. ಒಂದು ಸಾಲು ತಿದ್ದೋಕೆ ಅವರಿಗೆ ಮೀಟಿಂಗ್ ಬೇಕು, ಕಮಿಟಿ ಬೇಕು. ನಂಗೆ ಮೈಯೆಲ್ಲಾ ಉರೀತು.

ಅಷ್ಟರಲ್ಲಿ ಯಜಮಾನರು ಹಾಸಿಗೆ ಹಿಡಿದ್ರು. ಇನ್ನು ಕಾಯೋದು ದಂಡ ಅಂತ ನಾನೇ ಮಾಗಡಿ ರೋಡಿನ ಪೇಂಟರ್ ಹತ್ರ ಹೊಸ ಬೋರ್ಡ್ ಮೇಲೆ ಯಜಮಾನರ ಮಾತನ್ನೇ ಬರೆಸ್ದೆ. ಮೇಲ್ಗಡೆ "ಕ್ಯಾನ್‌ಬೆರಾ ಬಾಂಬರ್" ಅಂತ ದೊಡ್ಡಕ್ಷರದಲ್ಲಿ. ಕಾಂಟ್ರಾಕ್ಟರ್ ಕಡೆಯವರು ಹಾಕ್ಕೊಳ್ಳೋ ಹಸಿರು ಜಾಕೆಟ್ ಹಾಕ್ಕೊಂಡು, ಹಾಡುಹಗಲೇ ಹಳೇ ಬೋರ್ಡ್ ಕಿತ್ತು ಹೊಸದು ಕೂರಿಸ್ದೆ. ಪಾರ್ಕಿನ ವಾಚ್‌ಮನ್ನೇ ಏಣಿ ಹಿಡ್ಕೊಂಡ, ಸ್ವಲ್ಪ ಸೊಟ್ಟ ಇದೆ ಸಾರ್ ಅಂತಾನೂ ಹೇಳ್ದ. ಈ ಏರಿಯಾದಲ್ಲಿ ಇಂಥ ಕೆಲಸಕ್ಕೆ ನನ್ನ ಬಿಟ್ರೆ ಜನ ಇಲ್ಲ.

ಮಾರನೇ ದಿನ ಅವರನ್ನ ಆಟೋದಲ್ಲಿ ಕರ್ಕೊಂಡ್ ಹೋದೆ. ಓದಿದ್ರು. ಪರ್ಮಿಷನ್ ಯಾರು ಕೊಟ್ರು ಅಂತ ಕೇಳಿದ್ರು. ಮೇಲಿನವರು ಅಂದೆ. ನಂಬಲಿಲ್ಲ, ಆದ್ರೆ ಮನೆ ತಲುಪೋವರೆಗೂ ನನ್ನ ಮೊಣಕೈ ಬಿಡ್ಲಿಲ್ಲ.

ಅದೇ ತಿಂಗಳು ಹೋಗ್ಬಿಟ್ರು. ಪಾರ್ಕಲ್ಲೇ ಶ್ರದ್ಧಾಂಜಲಿ ಸಭೆ. ಪ್ರೆಸಿಡೆಂಟ್ ಮೈಕ್ ಹಿಡಿದು, ಹಿರಿಯರ ಆಸೆಯಂತೆ ಈ ಬೋರ್ಡ್ ನಾನೇ ಮುಂದೆ ನಿಂತು ಹಾಕಿಸ್ದೆ ಅಂದ. ಜನ ಚಪ್ಪಾಳೆ ತಟ್ಟಿದ್ರು. ನಾನು ಬಾಯಿ ಬಿಟ್ರೆ ಪರ್ಮಿಷನ್ ಇಲ್ಲ ಅಂತ ನಾಳೇನೇ ಬೋರ್ಡ್ ಕೀಳ್ತಾರೆ. ನಾನೂ ತಟ್ಟಿದೆ.

ಈಗ ಬರೀತಿದೀನಿ, ಹಾಕಿದ್ದು ನಾನು. ಅಷ್ಟು ಜನದ ಮುಂದೆ ಬೋರ್ಡ್ ನಂದೇ ಅಂತ ಪ್ರೆಸಿಡೆಂಟೇ ಅಂದ್ಮೇಲೆ ಅವನು ಹೆಂಗ್ ಕೀಳ್ತಾನೋ ನೋಡ್ತೀನಿ.