ಹಗಲಿನಲ್ಲಿ ಆಡಿದ ತೊಗಲುಗೊಂಬೆ

ನಮ್ಮೂರಿನ ಶಾಲೆ ಎಂದರೆ ಒಂದು ಉದ್ದನೆಯ ಕೋಣೆ, ಅದರ ಮುಂದೊಂದು ಜಗಲಿ. ಬಿ.ದುರ್ಗದಿಂದ ಎರಡು ಮೈಲಿ ಒಳಕ್ಕೆ, ಕೆರೆ ಏರಿಯ ಮಗ್ಗುಲಲ್ಲೇ ಇತ್ತು. ಎಪ್ಪತ್ತರ ದಶಕದ ನಡುವಿನ ಮಾತು. ನಾನಾಗ ಆರನೇ ಕ್ಲಾಸಿನ ಹುಡುಗಿ. ಕುರಿ ಕಾಯುವ ಮನೆಯ ಮಕ್ಕಳು ನಾವು ಐದಾರು ಜನ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದೆವು. ವಾರದಲ್ಲಿ ಮೂರು ದಿನ ಶಾಲೆ, ಮೂರು ದಿನ ಕುರಿ. ಹಾಜರಿ ಕರೆಯುವಾಗ ಹೆಡ್ಮಾಸ್ಟರು ನಮ್ಮ ಹೆಸರು ಬಂದರೆ ತಲೆ ಎತ್ತಿ ನೋಡುವ ಗೋಜಿಗೂ ಹೋಗುತ್ತಿರಲಿಲ್ಲ.

ಆ ವರ್ಷ ಹಿರಿಯೂರು ಕಡೆಯಿಂದ ಒಬ್ಬ ಹೊಸ ಮೇಷ್ಟ್ರು ಬಂದರು. ಇನ್ನೂ ಮೀಸೆ ದಪ್ಪವಾಗದ ವಯಸ್ಸು. ಮೊದಲನೇ ದಿನವೇ ಅವರು ಪಾಠ ಬಿಟ್ಟು ಕೇಳಿದ್ದು, "ನಿಮ್ಮ ಕೈಗೆ ಏನೇನು ಬರ್ತದೆ, ಒಬ್ಬೊಬ್ಬರೇ ಹೇಳಿ." ಮುಂದಿನವರು ಮಗ್ಗಿ, ಕಾಪಿ ಬರಹ, ರಂಗೋಲಿ ಎಂದರು. ನನ್ನ ಸರದಿ ಬಂದಾಗ, "ಕಣ್ಣು ಮುಚ್ಚಿ ಮರಿ ಮುಟ್ಟಿದ್ರೆ ಯಾವ ಕುರಿದು ಅಂತ ಹೇಳ್ತೀನಿ ಸಾ" ಎಂದೆ. ಎಲ್ಲರೂ ಗೊಳ್ಳೆಂದರು. ಮೇಷ್ಟ್ರು ನಗಲಿಲ್ಲ. "ನನಗೂ ಕಲಿಸು" ಎಂದರು.

ಸುಗ್ಗಿ ಮುಗಿದ ಮೇಲೆ ಕೆರೆಯಂಗಳದಲ್ಲಿ ತೊಗಲುಗೊಂಬೆಯಾಟದವರು ಬಂದು ಗುಡಾರ ಹಾಕಿದರು. ರಾತ್ರಿ ಪರದೆಯ ಹಿಂದೆ ದೀಪವಿಟ್ಟು ಅವರು ಆಡಿಸಿದ ಆಟ ನೋಡಲು ಊರಿಗೆ ಊರೇ ಸೇರಿತ್ತು, ಆದರೆ ಬೆಳಗಾದ ಮೇಲೆ ಅವರ ಗುಡಾರದ ಕಡೆ ಸುಳಿಯುವವರು ಯಾರೂ ಇರಲಿಲ್ಲ. ನಮ್ಮ ಮೇಷ್ಟ್ರು ಮಾತ್ರ ಮರುದಿನ ನಮ್ಮನ್ನೆಲ್ಲ ಕರೆದುಕೊಂಡು ಸೀದಾ ಅಲ್ಲಿಗೇ ನಡೆದರು.

ಗುಡಾರದ ಮುಂದೆ ಒಬ್ಬಳು ಅಜ್ಜಿ ಹರಿದ ಗೊಂಬೆಗೆ ಹೊಲಿಗೆ ಹಾಕುತ್ತಿದ್ದಳು. ಆಟದಲ್ಲಿ ಎಲ್ಲಾ ಹೆಣ್ಣು ಪಾತ್ರಗಳಿಗೆ ದನಿ ಕೊಟ್ಟವಳು ಅವಳೇ. ಪಕ್ಕದಲ್ಲಿ ಅವಳ ಮೊಮ್ಮಗಳು, ನನಗಿಂತ ಎರಡು ಮೂರು ವರ್ಷ ಚಿಕ್ಕವಳು, ನಮ್ಮನ್ನು ಕಣ್ಣರಳಿಸಿ ನೋಡುತ್ತಿದ್ದಳು.

"ಅಜ್ಜಿ, ಇದನ್ನ ನಮ್ಮ ಮಕ್ಕಳಿಗೆ ಕಲಿಸ್ತೀರಾ?" ಮೇಷ್ಟ್ರು ಕೇಳಿದರು.

"ಎಲ್ಲಿ?"

"ಶಾಲೇಲಿ."

ಅಜ್ಜಿ ಸೂಜಿ ಕೆಳಗಿಟ್ಟಳು. "ಎಷ್ಟೋ ಊರಿನ ಶಾಲೆ ಗೋಡೆ ಮಗ್ಗುಲಾಗೆ ಗುಡಾರ ಹಾಕೀನಪ್ಪ. ಒಳಗೆ ಹೆಂಗೈತೆ ಅಂತ ಮಾತ್ರ ನೋಡಿಲ್ಲ." ಆಮೇಲೆ ಮೊಮ್ಮಗಳ ತಲೆ ಮೇಲೆ ಕೈಯಿಟ್ಟು, "ಕಲಿಸ್ತೀನಿ. ಆದ್ರೆ ಇವಳೂ ನಿಮ್ಮ ಮಕ್ಕಳ ಜೊತೆಗೆ ಕುಂತ್ಕಬೇಕು" ಎಂದಳು.

"ಅದನ್ನ ನಾನೇ ಕೇಳಬೇಕು ಅಂತಿದ್ದೆ" ಎಂದರು ಮೇಷ್ಟ್ರು.

ಹೆಡ್ಮಾಸ್ಟರು ಕೇಳಿ ಕೆಂಡವಾದರು. "ಸರಸ್ವತಿ ಪಟ ಇರೋ ಕಡೆ ಚರ್ಮ ತರ್ತೀರೇನ್ರೀ? ನಾಳೆ ಇನ್ಸ್‌ಪೆಕ್ಟರು ಬಂದ್ರೆ ಏನು ಹೇಳಲಿ?" ಎರಡು ದಿನ ಮಾತು ಅಲ್ಲಿಗೇ ನಿಂತಿತು. ನಾನು ಮನೆಯಲ್ಲಿ ಅತ್ತು ಕರೆದು ರಂಪ ಮಾಡಿದ್ದಕ್ಕೆ ನಮ್ಮಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಶಾಲೆಗೆ ಬಂದ. ಅಪ್ಪ ಶಾಲೆಗೆ ಕಾಲಿಟ್ಟಿದ್ದು ಅದೇ ಮೊದಲು.

"ಸಾ, ನಾವು ಡೊಳ್ಳು ಬಡಿಯೋವಾಗ ಮುಂದುಗಡೆ ನಿಂತು ತಲೆ ಆಡಿಸ್ತೀರಿ. ಆ ಡೊಳ್ಳೇನು ಹತ್ತಿ ಬಟ್ಟೇಲಿ ಮಾಡಿದ್ದಾ? ಮಕ್ಕಳು ಏನೋ ಕಲಿತೀವಿ ಅಂತಾವೆ. ಕಲೀಲಿ ಬಿಡ್ರಿ."

ಹೆಡ್ಮಾಸ್ಟರು ಹಾಜರಿ ಪುಸ್ತಕ ಮುಚ್ಚಿ, "ಜಗಲಿ ಮೇಲೆ ಮಾಡಿಕೊಳ್ಳಿ. ಒಳಗೆ ಮಾತ್ರ ಬೇಡ" ಎಂದರು. ನಾವು ಕಿರುಚಿದ ಸದ್ದಿಗೆ ಅಂಗಳದ ಹುಣಸೆಮರದ ಕಾಗೆಗಳೆಲ್ಲ ಎದ್ದು ಹಾರಿದವು.

ಅವತ್ತಿನಿಂದ ಶಾಲೆ ಎಂದರೆ ನನಗೆ ಹಬ್ಬ. ಕುರಿಗೆ ಕಳಿಸಿದರೆ ಮಂದೆಯನ್ನು ತಮ್ಮನಿಗೆ ಒಪ್ಪಿಸಿ ಓಡಿ ಬರುತ್ತಿದ್ದೆ. ಆಡಿನ ತೊಗಲು ನಮ್ಮ ಮನೆಗಳಿಂದಲೇ ಬಂತು. ನೆನೆಹಾಕುವುದು, ಕೂದಲು ಹೆರೆಯುವುದು, ಗೂಟ ಹೊಡೆದು ಬಿಗಿಯುವುದು, ಈ ಕೆಲಸಗಳಲ್ಲಿ ಹಿಂದಿನ ಸಾಲಿನವರೇ ಮುಂದು. ಮುಂದಿನ ಸಾಲಿನ ಶಾನುಭೋಗರ ಮಗಳು ಮೂಗು ಮುಚ್ಚಿಕೊಂಡು ದೂರ ನಿಂತಿದ್ದವಳು, ಮೂರನೇ ದಿನ ಲಂಗ ಎತ್ತಿ ಸಿಕ್ಕಿಸಿ, "ನಂಗೂ ಒಂದು ಚೂರಿ ಕೊಡೇ" ಎಂದು ಬಂದು ಕೂತಳು. ನಾನು ಅವಸರಕ್ಕೆ ಬಿದ್ದು ತೊಗಲನ್ನು ಸುಡುಬಿಸಿಲಿನಲ್ಲಿ ಒಣಗಿಸಿದೆ. ಅದು ಸುರುಳಿ ಸುತ್ತಿಕೊಂಡಿತು. ಅಜ್ಜಿಯ ಮೊಮ್ಮಗಳು ಅದನ್ನು ಎತ್ತಿ ಎಲ್ಲರಿಗೂ ತೋರಿಸಿ, "ನೋಡ್ರಿ, ಅಕ್ಕ ಹಪ್ಪಳ ಮಾಡವ್ಳೆ!" ಎಂದು ಬಿದ್ದು ಬಿದ್ದು ನಕ್ಕಳು. ಎರಡನೇ ಸಲ ಅವಳೇ ಪಕ್ಕ ಕೂತು ನೆರಳಲ್ಲಿ ಎಷ್ಟು ಹೊತ್ತು, ಎಳೆಬಿಸಿಲಲ್ಲಿ ಎಷ್ಟು ಹೊತ್ತು ಎಂದು ಹೇಳಿಕೊಟ್ಟಳು. ಪ್ರತಿಯಾಗಿ ನಾನು ಅವಳಿಗೆ ಸ್ಲೇಟಿನ ಮೇಲೆ ಅ ಆ ಬರೆಸಿದೆ.

ಯಾವ ಕಥೆ ಆಡುವುದು? ಅಜ್ಜಿಗೆ ಗೊತ್ತಿದ್ದವೆಲ್ಲ ರಾಜರ ಕಥೆ. ಮೇಷ್ಟ್ರು ನಮ್ಮ ಕಥೆಯನ್ನೇ ಕಟ್ಟೋಣ ಎಂದರು. ಹಿಂದಿನ ವರ್ಷ ನಮ್ಮ ಮಂದೆಗೆ ತೋಳ ನುಗ್ಗಿದ್ದನ್ನು ನಾನು ಹೇಳಿದೆ.

"ಕುರಿ ಕಥೇನಾ? ಅದ್ರಾಗೆ ಯುದ್ಧ ಎಲ್ಲೈತೆ?" ಎಂದಳು ಅಜ್ಜಿ.

"ತೋಳ ಬರ್ತೈತಲ್ಲ ಅಜ್ಜಿ."

"ಹಂಗಾದ್ರೆ ಐತೆ ಬಿಡು!"

ಕುರಿ, ಮರಿ, ಕುರಿ ಕಾಯುವ ಹುಡುಗಿ, ನಾಯಿ, ತೋಳ ಎಲ್ಲಾ ಬಣ್ಣ ಹಚ್ಚಿಕೊಂಡು ತಯಾರಾದವು. ತೋಳ ನನ್ನದು. ಗೊಂಬೆಯೂ ದನಿಯೂ.

ಅಷ್ಟರಲ್ಲಿ ಇನ್ಸ್‌ಪೆಕ್ಟರು ಬರುವ ಸುದ್ದಿ ಬಂತು. ಬೆಳಗಿನ ಬಸ್ಸಿಗೆ ಬಂದು ಮಧ್ಯಾಹ್ನದ ಬಸ್ಸಿಗೆ ಹೊಳಲ್ಕೆರೆಗೆ ವಾಪಸು. ಅವರಿಗೆ ಆಟ ತೋರಿಸಲೇಬೇಕೆಂದು ಮೇಷ್ಟ್ರ ಹಟ. ಆದರೆ ಹಗಲಲ್ಲಿ ನೆರಳಿನ ಆಟ ಹೇಗೆ? ಎಲ್ಲರೂ ಜೋಲು ಮುಖ ಹಾಕಿಕೊಂಡಿದ್ದಾಗ ಅಜ್ಜಿಯ ಮೊಮ್ಮಗಳು ಪೂರ್ವದ ಕಿಟಕಿಯ ಕಡೆ ಬೊಟ್ಟು ಮಾಡಿ, "ದೀಪ ಅಲ್ಲೇ ಐತಲ್ಲ!" ಎಂದಳು. ಕಿಟಕಿಯ ಆಚೆ ಸೂರ್ಯ ಧಗಧಗ ಉರಿಯುತ್ತಿದ್ದ.

ನಮ್ಮ ನಮ್ಮ ಮನೆಗಳಿಂದ ಕರಿ ಕಂಬಳಿ ತಂದು ಬಾಗಿಲು, ಉಳಿದ ಕಿಟಕಿ, ಮಾಡಿನ ಸಂದು ಎಲ್ಲಾ ಮುಚ್ಚಿದೆವು. ಪೂರ್ವದ ಕಿಟಕಿಗೆ ಅಪ್ಪನ ಬಿಳಿ ಪಂಚೆ ಕಟ್ಟಿದೆವು. ನೋಡುವವರು ಒಳಗಿನ ಕತ್ತಲಲ್ಲಿ. ಆಡಿಸುವ ನಾವು ಹೊರಗೆ ಅಂಗಳದಲ್ಲಿ, ಕಿಟಕಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು, ಗೊಂಬೆ ಮೇಲೆತ್ತಿ ಪಂಚೆಗೆ ಒತ್ತಿ ಹಿಡಿಯುವುದು. ಮೊದಲ ಸಲ ತೋಳವನ್ನು ಅಜ್ಜಿಯ ಮೊಮ್ಮಗಳ ಕೈಗೆ ಕೊಟ್ಟು ಹಾಗೆ ಹಿಡಿಸಿ, ನಾನು ಒಳಗೆ ಓಡಿ ಹೋಗಿ ನೋಡಿದೆ. ಕತ್ತಲೆಯ ನಡುವೆ ನನ್ನ ಕೆಂಪು ತೋಳ ಮಾಣಿಕ್ಯದ ಹಾಗೆ ಉರಿಯುತ್ತಿತ್ತು. ಇದನ್ನು ಮಾಡಿದ್ದು ನಾನೇ, ಈ ಕೈಯೇ ಎಂದು ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡೆ.

ಆದರೆ ಇನ್ಸ್‌ಪೆಕ್ಟರು ಬಂದ ದಿನ ಬಸ್ಸು ತಡವಾಯಿತು. ಅವರು ಬಂದು ಎಳನೀರು ಕುಡಿದು ಕೂರುವ ಹೊತ್ತಿಗೆ ಸೂರ್ಯ ಸೂರಿನ ಮೇಲಕ್ಕೆ ಏರಿ, ಕಿಟಕಿಗೆ ನೆರಳು ಬಿದ್ದಿತ್ತು. ಗೊಂಬೆ ಎತ್ತಿದರೆ ಪಂಚೆಯ ಮೇಲೆ ಏನೂ ಇಲ್ಲ. ನನಗೆ ಅಳು ಒತ್ತರಿಸಿ ಬಂತು. ಆಗ ಯಾರೋ ಓಡಿ ಬಂದ ಸದ್ದಾಯಿತು. ತಿರುಗಿ ನೋಡಿದರೆ ನಮ್ಮ ಹೆಡ್ಮಾಸ್ಟರು! ಪಕ್ಕದಲ್ಲೇ ಇದ್ದ ಅವರ ಮನೆಯಿಂದ ಗೋಡೆಯ ದೊಡ್ಡ ಕನ್ನಡಿಯನ್ನು ಎದೆಗವುಚಿಕೊಂಡು ಬಂದು ಏದುಸಿರು ಬಿಡುತ್ತಿದ್ದರು. ಅಂಗಳದ ನಡುವೆ ಮಂಡಿಯೂರಿ ಕನ್ನಡಿ ಓರೆ ಮಾಡಿದ್ದೇ ತಡ, ಬೆಳಕು ಕಿಟಕಿಗೆ ನೆಟ್ಟಗೆ ಹೊಡೆಯಿತು. "ಏನ್ ನೋಡ್ತೀಯೇ, ಆಡಿಸು!" ಎಂದು ಗದರಿದರು.

ಆಡಿಸಿದೆವು! ಕುರಿಗಳು ಬಂದವು, ಮರಿ ತಪ್ಪಿಸಿಕೊಂಡಿತು, ಹುಡುಗಿ ಹುಡುಕಿದಳು. ಅಜ್ಜಿ ತಾಳ ಹಾಕಿದಳು. ಒಳಗಿನಿಂದ ನಗು, ಚಪ್ಪಾಳೆ. ನನ್ನ ಸರದಿ ಬಂತು. ತೋಳವನ್ನು ಮೇಲೆತ್ತಿ, ಕುತ್ತಿಗೆ ಹಿಂದಕ್ಕೆ ಚಾಚಿ, ಎದೆಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ ಊಳಿಟ್ಟೆ.

ಆಟ ನೋಡಲು ಬಂದಿದ್ದ ಅಪ್ಪನ ಹಿಂದೆಯೇ ಬಂದು ಹುಣಸೆಮರದ ಕೆಳಗೆ ಮಲಗಿದ್ದ ನಮ್ಮ ಮಂದೆಯ ನಾಯಿ ಬಾಣದಂತೆ ನೆಗೆಯಿತು. ನನ್ನ ತಲೆಯ ಮೇಲಿಂದ ಹಾರಿ, ತೋಳದ ಗೊಂಬೆಯನ್ನು ಕಚ್ಚಿಕೊಂಡು, ಪಂಚೆ ಸಮೇತ ಕಿಟಕಿಯೊಳಗೆ ಬಿತ್ತು! ನಮ್ಮ ಶಾಲೆಯ ಕಿಟಕಿಗೆ ಸರಳೇ ಇರಲಿಲ್ಲ. ಒಳಗೆ ಹಾಹಾಕಾರ. ನಾನು ಕಿಟಕಿ ಹತ್ತಿ ಇಣುಕಿದರೆ ಪಂಚೆ ಸುತ್ತಿಕೊಂಡ ನಾಯಿ ಗಿರಗಿರ ತಿರುಗುತ್ತಿದೆ, ಮಕ್ಕಳು ಕೇಕೆ ಹಾಕುತ್ತಿದ್ದಾರೆ, ಇನ್ಸ್‌ಪೆಕ್ಟರು ಫೈಲು ಎದೆಗೊತ್ತಿಕೊಂಡು ಮೇಜಿನ ಮೇಲೆ ನಿಂತಿದ್ದಾರೆ.

ಅಪ್ಪ ನಾಯಿಯನ್ನು ಹಿಡಿದ. ಇನ್ನು ಮುಗಿಯಿತು ಎಂದುಕೊಂಡೆ. ಇನ್ಸ್‌ಪೆಕ್ಟರು ಮೇಜಿನಿಂದ ಇಳಿದು, ಕನ್ನಡಕ ಒರೆಸಿಕೊಂಡು, "ಆ ತೋಳ ಯಾರು?" ಎಂದರು.

ನಾನು ಕೈ ಎತ್ತಿದೆ.

"ಮುಂದೇನಾಯ್ತು? ಮರಿ ಸಿಕ್ಕಿತೋ ಇಲ್ಲವೋ? ಅರ್ಧಕ್ಕೆ ನಿಲ್ಲಿಸಿದ್ರೆ ಬಸ್ಸು ಹತ್ತಲ್ಲ ನಾನು!"

ಪರದೆ ಇಲ್ಲ, ಕತ್ತಲಿಲ್ಲ. ನಾವು ಗೊಂಬೆಗಳನ್ನು ಕೈಯಲ್ಲಿ ಹಿಡಿದು ಕೋಣೆಯ ನಡುವೆಯೇ ನಿಂತು ಉಳಿದ ಕಥೆ ಆಡಿ ಮುಗಿಸಿದೆವು. ಹರಿದ ತೋಳವನ್ನು ನಾನು ಎರಡು ಕೈಯಲ್ಲಿ ಹಿಡಿದಿದ್ದೆ. ಚಪ್ಪಾಳೆ ನಿಂತ ಮೇಲೆ ಇನ್ಸ್‌ಪೆಕ್ಟರು ಶಾಲೆಯ ತಪಾಸಣೆ ಪುಸ್ತಕದಲ್ಲಿ, ಪ್ರತಿ ಶನಿವಾರ ಬೆಳಗ್ಗೆ ಮಕ್ಕಳಿಗೆ ಗೊಂಬೆಯಾಟ ಕಲಿಸತಕ್ಕದ್ದು ಎಂದು ಬರೆದರು. ಬರೆದವರು ತಲೆಯೆತ್ತಿ ಅಜ್ಜಿಯ ಮೊಮ್ಮಗಳನ್ನು ನೋಡಿ, "ಈ ಹುಡುಗಿ ಯಾವ ಕ್ಲಾಸು?" ಎಂದರು.

ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಹೆಡ್ಮಾಸ್ಟರೇ ಹೇಳಿದರು, "ಒಂದನೇ ಕ್ಲಾಸು ಸಾರ್. ಇವತ್ತಿಂದ."

ಅಜ್ಜಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ.

ಬೇಸಿಗೆಗೆ ಮುಂಚೆ ಗೊಂಬೆಯಾಟದವರು ಬೇರೆ ಊರಿಗೆ ಹೊರಟರು. ಶಾಲೆ ತಪ್ಪದ ಹಾಗೆ ಮೊಮ್ಮಗಳನ್ನು ಎಲ್ಲಿ ಬಿಡುವುದು ಎಂಬ ಮಾತು ಬಂತು. ನಮ್ಮ ಮನೆಯಲ್ಲೇ ಇರಲಿ ಎಂದೆ ನಾನು. ನಮ್ಮವ್ವ ಎರಡು ದಿನ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಮೂರನೇ ದಿನ ಬೆಳಗ್ಗೆ ರೊಟ್ಟಿ ಬಡಿಯುತ್ತಾ ಅಪ್ಪನಿಗೆ ನನ್ನನ್ನು ತೋರಿಸಿ, "ಇವಳ ಪಕ್ಕ ಮಲಗ್ಲಿ ಬಿಡು, ಒಂದು ಕಂಬಳಿ ಸಾಕಲ್ಲ ಇಬ್ಬರಿಗೂ" ಎಂದಳು. ಹುಡುಗಿ ಎರಡು ವರ್ಷ ನಮ್ಮ ಮನೆಯಲ್ಲೇ ಇದ್ದು ಓದಿದಳು. ಆಟದವರು ಈ ಕಡೆ ಬಂದಾಗಲೆಲ್ಲ ಅಜ್ಜಿ ಶನಿವಾರದ ಕ್ಲಾಸಿಗೆ ಬರುತ್ತಿದ್ದಳು. ಹೆಡ್ಮಾಸ್ಟರು ಅವಳಿಗೆ ಒಳಗೇ ಕುರ್ಚಿ ಹಾಕಿಸುತ್ತಿದ್ದರು. ಅವಳು ನೆಲದ ಮೇಲೇ ಕೂರುತ್ತಿದ್ದಳು.

ನಾನು ಏಳನೇ ಕ್ಲಾಸು ಪಾಸಾದೆ. ಸೋದರಮಾವನ ಮನೆಯಲ್ಲಿ ಉಳಿದು ಹೊಸದುರ್ಗದ ಹೈಸ್ಕೂಲಿಗೆ ಸೇರಿದೆ. ಮೊದಲ ದಿನ ಮೇಷ್ಟ್ರೊಬ್ಬರು ಕಪ್ಪುಹಲಗೆಯ ಮೇಲೆ ವಾರದ ವೇಳಾಪಟ್ಟಿ ಬರೆದರು. ಗಣಿತ, ಇಂಗ್ಲಿಷು, ವಿಜ್ಞಾನ. ನಾನು ಶನಿವಾರದ ಸಾಲನ್ನು ಎರಡು ಸಲ ಓದಿ ಕೈ ಎತ್ತಿದೆ.

"ಸಾ, ಇಲ್ಲಿ ಗೊಂಬೆ ಕ್ಲಾಸು ಯಾವತ್ತು?"

"ಅಂಥದ್ದೆಲ್ಲ ಇಲ್ಲಮ್ಮ ಇಲ್ಲಿ" ಎಂದರು ಅವರು ಬೆರಗಾಗಿ.

"ಹಂಗಾದ್ರೆ ಶುರು ಮಾಡಾಣ ಸಾ" ಎಂದೆ. "ತೊಗಲು ನಾನು ತರ್ತೀನಿ."