ನರ್ಸಬಾಯಿ ಕೇಳಿದ ಒಂದು ಮಾತು

ನರ್ಸಬಾಯಿ ಕೈ ತೊಳೆದ ಮೇಲೆ ಒರೆಸಿಕೊಳ್ಳುತ್ತಿರಲಿಲ್ಲ. ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆದು, ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ನಿಲ್ಲುತ್ತಿದ್ದರು. ನೀರು ಮೊಣಕೈಯಿಂದ ಹನಿ ಹನಿಯಾಗಿ ನೆಲಕ್ಕೆ ಬೀಳುತ್ತಿತ್ತು. ಹಾಗೆ ನಿಂತೇ ಮಾತಾಡುವರು, ಹಾಗೆ ನಿಂತೇ ಬಯ್ಯುವರು. ಮೊದಲ ಸಲ ನೋಡಿದಾಗ ಯಾರಿಗೋ ಆಶೀರ್ವಾದ ಮಾಡುತ್ತಿದ್ದಾರೆ ಎಂದುಕೊಂಡಿದ್ದೆ. ನಾನು ಟವೆಲ್ ಕೊಡಲು ಹೋದರೆ, "ಅದರಾಗ ಏನೇನ ಅದನೋ ಯಾರಿಗೆ ಗೊತ್ತ್ರೀ ಗೌರಕ್ಕಾ? ಗಾಳಿಗೆ ಆರಲಿ ಬಿಡ್ರಿ" ಎಂದರು.

ಮಕ್ಕಳೇ, ನೀವು ಆಗ ಬಹಳ ಚಿಕ್ಕವರು. ನಿಮಗೆ ಅವರ ನೆನಪು ಇರಲಾರದು. ಇದ್ದರೂ, ಅವರ ಬಗ್ಗೆ ನಮ್ಮ ಮನೆಯಲ್ಲಿ ಕೇಳಿದ ಕೆಟ್ಟ ಮಾತಿನ ನೆನಪೇ ಇದ್ದೀತು. ಅದಕ್ಕೇ ಬರೆಯುತ್ತಿದ್ದೇನೆ. ನಾನು ಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆ ಕಲಿತವಳು. ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ಅವರ ಹೆಸರು ಸುಮಿತ್ರಾಬಾಯಿ. ಊರು ಕಮಲಾಪುರ, ನಿಮ್ಮ ಮುತ್ಯಾನ, ಅಂದರೆ ನನ್ನ ಯಜಮಾನರ ಊರೇ. ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು. ಜೇವರ್ಗಿ ಕಾಲೋನಿಯಲ್ಲಿ ನಮ್ಮ ಎದುರು ಮನೆಯ ಮಹಡಿಯ ಕೋಣೆಯಲ್ಲಿ ಒಬ್ಬರೇ ಇದ್ದರು. ಮದುವೆಯಾಗಿರಲಿಲ್ಲ. ಗೋಡೆಗೆ ಬುದ್ಧನ ಫೋಟೊ, ಮೂಲೆಗೆ ಬೀಗ ಹಾಕಿದ ಕಬ್ಬಿಣದ ಟ್ರಂಕು, ಒಂದು ಮಂಚ, ಅಷ್ಟೇ. ಸಂಜೆಯಾದರೆ ಬಿ.ಪಿ. ಮಷೀನು ಹಿಡಿದು ಕೆಳಗಿನ ಮೆಟ್ಟಿಲ ಮೇಲೆ ಕೂರುವರು. ಓಣಿಯ ಹೆಂಗಸರೆಲ್ಲ ಸಾಲಾಗಿ ಬಂದು ತೋಳು ಚಾಚುವರು. ಚಹಾ ಕೊಟ್ಟರೆ ಕುಡಿಯುತ್ತಿದ್ದರು, ರೊಕ್ಕ ಕೊಟ್ಟರೆ ಬಯ್ಯುತ್ತಿದ್ದರು.

ಅವರ ಬಾಯಿಗೆ ಎಲ್ಲರೂ ಹೆದರುತ್ತಿದ್ದರು. ಓಣಿಯ ಒಂದು ಮದುವೆಯಲ್ಲಿ ನೇರವಾಗಿ ಅಡುಗೆಯ ಪೆಂಡಾಲಿಗೆ ಹೋಗಿ, ಲಡ್ಡು ಕಟ್ಟುತ್ತಿದ್ದ ಅಡುಗೆಯವನ ಕೈ ಹಿಡಿದು ಬೆಳಕಿಗೆ ತಿರುಗಿಸಿದರು. "ನೋಡಪಾ, ಈ ಉಗುರಿನಾಗ ಒಂದು ಎಕರೆ ಹೊಲ ಅದ. ಜ್ವಾಳ ಬಿತ್ತು, ಲಡ್ಡು ಕಟ್ಟಬ್ಯಾಡ." ಬೀಗರೆಲ್ಲ ನಕ್ಕರು. ಅಡುಗೆಯವನು ಮಾತ್ರ ಎದ್ದು ಹೋಗಿ ಉಗುರು ಕತ್ತರಿಸಿಕೊಂಡು ಬಂದ. ಮುಂದಿನ ವರ್ಷ ಅವನ ಮಗಳ ಬಾಣಂತನಕ್ಕೆ ಇವರೇ ಹೋಗಿ ಕೂತಿದ್ದರು.

ಇನ್ನು ನಿಮ್ಮ ಮುತ್ಯಾನ ವಿಷಯ. ಬರೆಯಲು ನಾಚಿಕೆಯಾಗುತ್ತದೆ. ಅವರು ಹೈಸ್ಕೂಲ್ ಮಾಸ್ತರರು. ಬೀಡಿ ಸೇದಿದ ಹುಡುಗರ ಕಿವಿ ಹಿಂಡಿದವರು. ಆದರೆ ಮನೆಯ ಹಿಂದೆ ತಾವೇ ಸಿಗರೇಟು ಸೇದುತ್ತಿದ್ದರು. ಡಾಕ್ಟರು ಬಿಡಲೇಬೇಕು ಎಂದಾಗ, ಹೈದರಾಬಾದಿನಲ್ಲಿದ್ದ ಅವರ ತಂಗಿಯ ಮಗ ಪೆನ್ನಿನಂಥ ಒಂದು ಮಷೀನು ತಂದುಕೊಟ್ಟ. "ಇದು ಹೊಗಿ ಅಲ್ಲ ಮಾಮಾ, ಉಗಿ" ಎಂದ. ಅದರ ತುದಿಗೆ ಬೆರಳಿನಷ್ಟು ಪ್ಲಾಸ್ಟಿಕ್ ಕಾರ್ಟ್ರಿಜ್. ಅದರೊಳಗೆ ತಂಬಾಕಿನ ಸತ್ವ ಬೆರೆಸಿದ ಔಷಧದಂಥ ನೀರು, ಸ್ವಲ್ಪ ಹತ್ತಿ. ನೀರು ತೀರಿದರೆ ಬಿಸಾಡಿ ಹೊಸದು ಹಾಕಬೇಕು. ಸರಕಾರ ಇಂಥ ಮಷೀನು ಸಿಗರೇಟನ್ನು ಬಂದ್ ಮಾಡಿದ ಮೇಲೆ ಹೊಸ ಕಾರ್ಟ್ರಿಜ್ ಸಿಗದಾಯಿತು. ಆ ಹುಡುಗ ಎಲ್ಲಿಂದಲೋ ಒಂದು ಸೀಸೆ ನೀರು ತಂದು, "ಮನ್ಯಾಗ ತುಂಬಿಕೊಳ್ರಿ" ಎಂದು ಹೋದ. ಮುತ್ಯಾನ ಕೈ ನಡುಗುತ್ತಿತ್ತು. ತುಂಬುವ ಕೆಲಸ ನನಗೆ ಬಂತು. ಮಗನಿಗೆ, ಅಂದರೆ ನಿಮ್ಮಪ್ಪ ಶಿವರಾಜನಿಗೆ, ತಿಳಿಯಬಾರದಿತ್ತು. ಸೆರಗಿನಲ್ಲಿ ಸೀಸೆ ಮುಚ್ಚಿಕೊಂಡು ನರ್ಸಬಾಯಿಯ ಮಹಡಿ ಹತ್ತಿದೆ.

ಮೊದಲು ಚೆನ್ನಾಗಿ ಬಯ್ದರು. "ಮಾಸ್ತರಿಗೆ ಬುದ್ಧಿ ಇಲ್ಲ ಖರೆ, ನಿಮಗೂ ಇಲ್ಲೇನ್ರಿ? ಇದು ಕಾಯ್ದೆದಾಗ ತಪ್ಪ, ಎದಿಗೂ ತಪ್ಪ." ನಾನು ಅಳುತ್ತ ನಿಂತೆ. ಸೀಸೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಹೇಳಿದರು: "ಒಮ್ಮೆಲೆ ಬಿಡಸಿದ್ರ ಮತ್ತ ಸಿಗರೇಟಿಗೆ ಓಡತಾರ. ಇಳಸ್ಕೋತ ಹೋಗೂಣು. ಸೀಸೆ ನನ್ನ ಟ್ರಂಕಿನ್ಯಾಗ ಇರಲಿ. ನಾ ಅಳದು ಕೊಟ್ಟಷ್ಟ ತುಂಬ್ರಿ."

ಆಮೇಲೆ ಕಲಿಸಿದರು. ಸೂಜಿ ತೆಗೆದ ಸಿರಿಂಜಿನಲ್ಲಿ ನೀರು ಎಳೆದು, ಬದಿಯ ರಬ್ಬರಿನ ಮುಚ್ಚಳ ಉಗುರಿನಿಂದ ಎಬ್ಬಿಸಿ, ಕಾರ್ಟ್ರಿಜ್ಜಿನ ಒಳಗೋಡೆಗುಂಟ ಮೆಲ್ಲಗೆ ಇಳಿಸಬೇಕು. ನಡುವಿನ ತೂತಿಗೆ ಒಂದು ಹನಿಯೂ ಬೀಳಬಾರದು. ಹತ್ತಿ ಪೂರ್ತಿ ನೆನೆಯುವವರೆಗೆ ಕಾಯಬೇಕು, ಇಲ್ಲದಿದ್ದರೆ ಸುಟ್ಟ ವಾಸನೆ. "ದೀಪದ ಬತ್ತಿ ಇದ್ದಂಗ" ಎಂದೆ ನಾನು. "ಹಾಂ, ಬರೋಬ್ಬರಿ ತಿಳೀತ ನೋಡ್ರಿ ನಿಮಗ" ಎಂದು ಬೆನ್ನು ತಟ್ಟಿದರು. ನನ್ನ ಜನ್ಮದಲ್ಲಿ ಯಾರೂ ನನ್ನನ್ನು ಹಾಗೆ ಹೊಗಳಿರಲಿಲ್ಲ. ವಾರಕ್ಕೆ ನಾಲ್ಕು ತುಂಬುತ್ತಿದ್ದುದು ಮೂರಾಯಿತು, ಎರಡಾಯಿತು, ಒಂದಕ್ಕೆ ಬಂತು. ಮುತ್ಯಾ ಸಿಡಿಮಿಡಿ ಮಾಡಿದರೂ ತಾಳಿಕೊಂಡರು.

ಆಗ ನರ್ಸಬಾಯಿ ತಮ್ಮನ ಮಗಳ ಹೆರಿಗೆಗೆ ಕಮಲಾಪುರಕ್ಕೆ ಹೋಗಬೇಕಾಯಿತು. ತುಂಬಿದ ಎರಡು ಕಾರ್ಟ್ರಿಜ್ ನನ್ನ ಕೈಗಿಟ್ಟು, "ಇಷ್ಟರಾಗ ಹದಿನೈದು ದಿವಸ. ತೀರಿದ್ರ ತೀರ್ತು. ಮತ್ತೇನೂ ತುಂಬಬ್ಯಾಡ್ರಿ" ಎಂದರು. ಮುತ್ಯಾ ಐದೇ ದಿನದಲ್ಲಿ ಎರಡನ್ನೂ ಮುಗಿಸಿದರು. ತಾಟು ತಳ್ಳಿದರು, ಮಾತು ಬಿಟ್ಟರು. ಮೇಲೆ ಕೆಮ್ಮು ಬೇರೆ. ಫೋನ್ ಮಾಡಿ ಕೇಳಬಹುದಿತ್ತು. ಶಿವರಾಜ ರಜೆಯಲ್ಲಿ ಮನೆಯಲ್ಲೇ ಇದ್ದ, ಅವನಿಗೆ ಕೇಳಿಸೀತೆಂದು ನಾಚಿದೆ. ಮುತ್ಯಾನ ಎದೆಗೆ ತಿಕ್ಕಲು ಕೊಬ್ಬರಿ ಎಣ್ಣೆಯಲ್ಲಿ ನೀಲಗಿರಿ ಎಣ್ಣೆ ಬೆರೆಸಿ ಇಟ್ಟಿದ್ದೆ. ಹೊರಗಿನಿಂದ ಎದೆಗೆ ಒಳ್ಳೆಯದಾದದ್ದು ಒಳಗೂ ಒಳ್ಳೆಯದೇ ಮಾಡೀತು ಎಂದುಕೊಂಡೆ. ಬತ್ತಿಗೆ ಎಣ್ಣೆಯೇ ಅಲ್ಲವೇ ಹಾಕುವುದು? ನರ್ಸಬಾಯಿ ಕಲಿಸಿದಂತೆಯೇ ಗೋಡೆಗುಂಟ ಇಳಿಸಿದೆ, ಹತ್ತಿ ನೆನೆಯುವವರೆಗೆ ಕಾದೆ.

"ಇವತ್ತಿಂದು ವಾಸನಿ ಛಂದ ಅದಲ್ಲ" ಎಂದರು ಮುತ್ಯಾ. ನನಗೆ ಹಿಗ್ಗಾಯಿತು. ದಿನಾ ತುಂಬಿದೆ.

ವಾರ ಕಳೆಯುವುದರೊಳಗೆ ಅವರಿಗೆ ಉಸಿರು ಸಿಗದಾಯಿತು. ದವಾಖಾನೆಗೆ ಹಾಕಿ ಆಕ್ಸಿಜನ್ ಕೊಟ್ಟರು. ರೋಗ ಯಾವ ಔಷಧಿಗೂ ಜಗ್ಗಲಿಲ್ಲ. ದಿಂಬಿನ ಕೆಳಗೆ ಮಷೀನು ಶಿವರಾಜನಿಗೆ ಸಿಕ್ಕಿತು. "ಇದನ್ನ ತುಂಬೋದು ಯಾರು ಕಲಿಸ್ಯಾರವ್ವಾ?" ಎಂದು ಕೇಳಿದ. "ನರ್ಸಬಾಯಿ" ಎಂದೆ. ಅದೊಂದೇ ಮಾತು. ಸುಳ್ಳಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದೆ.

ಮರುದಿನ ಅವರು ಕಮಲಾಪುರದ ಬಸ್ಸಿಳಿದು ಚೀಲ ಹಿಡಿದು ಓಣಿಗೆ ಬಂದರು. ಶಿವರಾಜ ಅಡ್ಡ ನಿಂತ. ಅಲ್ಲಿಯವರೆಗೆ "ನೀವು" ಎನ್ನುತ್ತಿದ್ದವನು "ನೀನು" ಎಂದ. "ನಮ್ಮಪ್ಪನ ಮ್ಯಾಲ ಏನ ಪ್ರಯೋಗ ಮಾಡಿದಿ? ನಮ್ಮವ್ವಗ ಇದರಾಗ ಏನ ತುಂಬಾಕ ಕಲಿಸೀದಿ?" ಜನ ಸೇರಿದರು. ಅವನು ಅವರ ಜಾತಿ ಎತ್ತಿ ಒಂದು ಮಾತಾಡಿದ. ಅದನ್ನು ನಿಮಗಾಗಿ ಬರೆಯಲಾರೆ. ಆ ಮಾತಿಗೂ ದಾರಿ ಮಾಡಿಕೊಟ್ಟವಳು ನಾನೇ.

ನರ್ಸಬಾಯಿ ಜಗಳಕ್ಕೆ ನಿಲ್ಲಲಿಲ್ಲ. ಅವನ ಕೈಯಿಂದ ಕಾರ್ಟ್ರಿಜ್ ಇಸಿದುಕೊಂಡು ಮೂಸಿದರು. ಬಾಗಿಲಲ್ಲಿದ್ದ ನನ್ನ ಕಡೆ ತಿರುಗಿ ಕೇಳಿದರು: "ಗೌರಕ್ಕಾ, ಇದರಾಗ ಎಣ್ಣಿ ಏನರೆ ಹಾಕೀರೇನ್ರಿ?"

ಓಣಿಯೆಲ್ಲ ನನ್ನನ್ನೇ ನೋಡುತ್ತಿತ್ತು. "ಇಲ್ರಿ" ಎಂದೆ.

ಅವರು ನನ್ನನ್ನು ಒಂದು ಕ್ಷಣ ನೋಡಿ, ಶಿವರಾಜನಿಗೆ ಹೇಳಿದರು: "ಬಯ್ಯೋದು ಆಮ್ಯಾಲ ಬಯ್ಯಪಾ. ಮೊದಲ ಡಾಕ್ಟರಿಗೆ ಫೋನ್ ಹಚ್ಚು. ಎದಿಯೊಳಗ ಎಣ್ಣಿ ಹೋಗ್ಯಾದ ಅನ್ನು. ಕೊಬ್ಬರಿ ಎಣ್ಣಿ, ನೀಲಗಿರಿ. ಲಗೂ."

"ನಿನಗ ಹೆಂಗ ಗೊತ್ತು? ಅಂದ್ರ ನೀನ ಹಾಕಿದಿ!"

"ಫೋನ್ ಹಚ್ಚು ಅಂದೆ" ಎಂದರಷ್ಟೇ.

ಶಿವರಾಜ ಫೋನ್ ಮಾಡಿದ, ಡಾಕ್ಟರು ಔಷಧಿ ಬದಲಿಸಿದರು. ಮುತ್ಯಾ ಇಪ್ಪತ್ತು ದಿನಕ್ಕೆ ಮನೆಗೆ ಬಂದರು, ಇನ್ನೂ ಎರಡು ವರ್ಷ ನಮ್ಮೊಡನೆ ಇದ್ದು ಹೃದಯ ನಿಂತು ಹೋದರು. ಒಮ್ಮೆ ಕೇಳಿದ್ದರು, "ಆ ಛಂದ ವಾಸನಿ ಯಾವುದಿತ್ತ?" ಎಂದು. ನಾನು ಚಹಾ ತರುತ್ತೇನೆಂದು ಎದ್ದೆ. ಅವರೂ ಮತ್ತೆ ಕೇಳಲಿಲ್ಲ.

ನರ್ಸಬಾಯಿಯ ಮೆಟ್ಟಿಲಿಗೆ ಯಾರೂ ಹೋಗದಾದರು. ಕೆಲವು ದಿನ ಅವರು ಮಷೀನು ಇಟ್ಟುಕೊಂಡು ಒಬ್ಬರೇ ಕೂರುತ್ತಿದ್ದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಎರಡು ತಿಂಗಳಿಗೆ ಕೋಣೆ ಖಾಲಿ ಮಾಡಿ ತಮ್ಮನ ಮನೆಗೆ ಹೋದರು.

ಮುತ್ಯಾನ ವರ್ಷಾಬ್ದಿ ಮುಗಿದ ಮೇಲೆ, ಅಲ್ಲಿನ ನಮ್ಮ ಹೊಲದ ಬಾಳೆ ನೋಡಿ ಬರುತ್ತೇನೆಂದು ಸುಳ್ಳು ಹೇಳಿ ಕಮಲಾಪುರಕ್ಕೆ ಹೋದೆ. ಅವರು ಕಟ್ಟೆಯ ಮೇಲೆ ಕೂತಿದ್ದರು, ಸೊರಗಿದ್ದರು. ನಾನು ಬಾಯಿ ತೆರೆಯುವ ಮೊದಲೇ ತೋಳಿಗೆ ಪಟ್ಟಿ ಸುತ್ತಿದರು. "ಈಗ ಮಾತಾಡಬ್ಯಾಡ್ರಿ, ಬಿ.ಪಿ. ಹೆಚ್ಚ ತೋರಸ್ತದ." ಜೀವ ಕೈಯಲ್ಲಿ ಹಿಡಿದು ಮಾತಾಡಲು ಬಂದವಳಿಗೆ ಸುಮ್ಮನಿರಲು ಹೇಳಿದರು! ಪಟ್ಟಿ ಬಿಚ್ಚಿ, "ಈಗ ಹೇಳ್ರಿ" ಎಂದರು.

"ಎಣ್ಣಿ ನಾ ಹಾಕಿದ್ದೆರೀ."

"ಗೊತ್ತದ. ಅವತ್ತ ಗೊತ್ತಾತು."

"ಮತ್ತ ಯಾಕ ಹೇಳಲಿಲ್ರಿ?"

"ನಾ ಹೇಳಿದ್ರ ಯಾರು ನಂಬತಿದ್ರು? ಜಗಳ ಬೆಳಿತಿತ್ತು, ಮಾಸ್ತರ ಸಾಯ್ತಿದ್ರು." ಪಟ್ಟಿಯನ್ನು ಮಡಚುತ್ತ, ನನ್ನ ಮುಖ ನೋಡದೆ ಹೇಳಿದರು: "ಗೊತ್ತಿದ್ದಾಕಿಗೆ ಬಂದು ಹೇಳಿದ್ರ ಏನ ಬಂತ್ರೀ ಗೌರಕ್ಕಾ? ಗೊತ್ತಿಲ್ಲದವರಿಗೆ ಹೇಳ್ರಿ."

ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದೆ. ಹೇಳಲಿಲ್ಲ. ಇಂದು ಬೇಡ, ಹಬ್ಬ ಮುಗಿಯಲಿ, ಶಿವರಾಜನ ಬಡ್ತಿ ಆಗಲಿ ಎಂದು ದೂಡಿದೆ. ಕಳೆದ ತಿಂಗಳು ಕಮಲಾಪುರದಿಂದ ಬಂದವರೊಬ್ಬರು, ನರ್ಸಬಾಯಿ ತೀರಿಕೊಂಡು ಹದಿನೈದು ದಿನವಾಯಿತು ಎಂದರು. ಊಟ ಮಾಡುತ್ತಿದ್ದ ಶಿವರಾಜ, "ಯಾರು, ಆ ಎಣ್ಣಿ ಹಾಕಿದಾಕಿ?" ಎಂದ. ನಾನು ಅವನ ತಾಟಿಗೆ ರೊಟ್ಟಿ ಹಾಕಿದೆ.

ನಾಚಿಕೆ ಸ್ವಭಾವದ ಹೆಂಗಸು ಎಂದು ಜನ ನನ್ನನ್ನು ಹೊಗಳುತ್ತಾರೆ. ಅದು ನಾಚಿಕೆಯಾಗಿರಲಿಲ್ಲ ಮಕ್ಕಳೇ, ಹೇಡಿತನ.

ಈ ಹಾಳೆಗಳನ್ನು ಮೊದಲು ನಿಮ್ಮಪ್ಪನ ಕೈಗೆ ಕೊಟ್ಟು, ಅವನು ಓದಿ ಮುಗಿಸುವವರೆಗೆ ಎದುರಿಗೆ ಕೂರುತ್ತೇನೆ. ನಿಮಗೆ ಕೊಡಬೇಕಾದವನು ಅವನೇ. ಇವು ನಿಮ್ಮ ಕೈಗೆ ಬಂದಿವೆ ಎಂದರೆ, ಅವನಿಗೆ ಗೊತ್ತಾಗಿದೆ ಎಂದು ತಿಳಿಯಿರಿ.