ರೂಬಿಗೆ ಅಂಟಿದ ನನ್ನ ಕುಂಟು ನಡಿಗೆ

ಕಳೆದ ಭಾನುವಾರ ಒಬ್ಬ ಗಂಡಸು ಮೈದಾನದ ನಡುವೆ, ಅಷ್ಟು ಜನರ ಎದುರಿಗೆ, ಥೇಟ್ ನನ್ನ ಹಾಗೆಯೇ ಕುಂಟಿದ. ಜನ ನಕ್ಕರು. ನಾನು ಮುಂದಿನ ಸಾಲಿನಲ್ಲೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆ.

ನನಗೆ ಸಿಟ್ಟು ಬರಲಿಲ್ಲ. (ನನ್ನನ್ನು ಬಲ್ಲವರು ಈ ಸಾಲನ್ನು ಇನ್ನೊಂದು ಸಲ ಓದಿಕೊಳ್ಳಬಹುದು.)

ನನ್ನ ಎಡ ಮಂಡಿಯ ವಿಷಯ ನಿಮಗೆ ಹೊಸದಲ್ಲ. ಬಸ್ಸಿನ ಮೆಟ್ಟಿಲನ್ನು ಬೈದಾಗ, ಬ್ಯಾಂಕಿನ ಮಹಡಿಯನ್ನು ಬೈದಾಗ ಈ ಕಾಲಂನಲ್ಲಿ ಅದು ಬಂದುಹೋಗಿದೆ. ಸವೆದುಹೋಗಿದೆ, ಬದಲಾಯಿಸಬೇಕು ಅನ್ನುತ್ತಾರೆ ಡಾಕ್ಟರು. ಸ್ಕೂಟರಿನ ಟೈರಿಗೆ ಹೇಳಿದ ಹಾಗೆ. ನನ್ನ ಮಗಳು ಮಂಜುಳಾ "ಹೂಂ ಅನ್ನಮ್ಮ" ಅನ್ನುತ್ತಾಳೆ. ನಾನು ಅಂದಿಲ್ಲ. ಹಾಗಾಗಿ ಈಗಲೂ ಬಲಗಾಲು ಇಟ್ಟು, ಒಂದು ಗಳಿಗೆ ನಿಂತು, ಎಡಗಾಲನ್ನು ಎಳೆದುಕೊಂಡು ನಡೆಯುತ್ತೇನೆ. ಇದು ನೆನಪಿರಲಿ. ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಕಾಡುಗೋಡಿಯ ನಮ್ಮ ಮನೆಯ ಹಿಂದೆ ದನದ ಕೊಟ್ಟಿಗೆ ಇದ್ದ ಜಾಗದಲ್ಲಿ ಈಗ ಶೀಟಿನ ರೂಮುಗಳಿವೆ. ಅದರಲ್ಲೊಂದರಲ್ಲಿ ಯಮನೂರ ಬಾಡಿಗೆಗಿದ್ದಾನೆ. ಕೊಪ್ಪಳದ ಕಡೆಯವನು. ಬಂದಾಗ ಗಾರೆ ಕೆಲಸ ಮಾಡುತ್ತಿದ್ದ. ಆಮೇಲೆ ಸೆಕ್ಯುರಿಟಿ ಗಾರ್ಡ್ ಆದ. ಈಗ ಡಾಗ್ ಹ್ಯಾಂಡ್ಲರ್. ಟೆಕ್ ಪಾರ್ಕಿನ ಗೇಟಿನಲ್ಲಿ ಬರುವ ಕಾರುಗಳನ್ನೆಲ್ಲ ನಾಯಿಯಿಂದ ಮೂಸಿಸುತ್ತಾರಲ್ಲ, ಆ ಕೆಲಸ. ನಾಯಿ ಸೆಕ್ಯುರಿಟಿ ಏಜೆನ್ಸಿಯದು, ಇರುವುದು ಮಾತ್ರ ಅವನ ರೂಮಿನಲ್ಲಿ. ಕಪ್ಪು ಲ್ಯಾಬ್ರಡಾರ್, ಹೆಣ್ಣು. ಹೆಸರು ರೂಬಿ.

ಅದನ್ನು ಕರೆತಂದ ದಿನವೇ ನಾನು ಹೇಳಿಬಿಟ್ಟೆ: "ರೂಮು ಕೊಟ್ಟಿರೋದು ಮನುಷ್ಯಂಗೆ. ಇದೇನಾರ ಅಂಗಳದಲ್ಲಿ ಹೊಲಸು ಮಾಡಿದ್ರೆ ಇಬ್ಬರನ್ನೂ ಆಚೆಗಾಕ್ತೀನಿ."

"ಮಾಡೂದಿಲ್ರಿ ಅಮ್ಮಾರ. ನನಗಿಂತ ಶಿಸ್ತ ಐತ್ರಿ ಅದು," ಅಂದ.

ಅದು ನಿಜವೇ. (ಅವನು ಒಗೆದ ಬಟ್ಟೆ ವಾರಗಟ್ಟಲೆ ತಂತಿಯ ಮೇಲೇ ಇರುತ್ತದೆ.)

ನಾಯಿಗಳಿಗೂ ಕಾಂಪಿಟಿಷನ್ ಇದೆ ಅಂತ ನನಗೆ ಗೊತ್ತಾದದ್ದು ಇವನಿಂದ. ಒಂದು ಒಬೀಡಿಯನ್ಸ್ ಅಂತೆ. ಕೂರು ಅಂದರೆ ಕೂರಬೇಕು, ಮಲಗು ಅಂದರೆ ಮಲಗಬೇಕು. 'ಹೀಲ್' ಅಂದರೆ ಹಗ್ಗ ಬಿಚ್ಚಿದರೂ ಯಜಮಾನನ ಎಡಗಾಲಿನ ಪಕ್ಕ ಬಿಡದೆ ನಡೆಯಬೇಕು. ಮುಂದೆ ಹೋದರೂ ತಪ್ಪು, ಹಿಂದೆ ಉಳಿದರೂ ತಪ್ಪು. ಇನ್ನೊಂದು ಫ್ರೀಸ್ಟೈಲ್. ಹೆಸರು ದೊಡ್ಡದು, ವಿಷಯ ಡಾನ್ಸು. ಹಾಡು ಹಾಕಿ ನಾಯಿ, ಮನುಷ್ಯ ಇಬ್ಬರೂ ಕುಣಿಯುವುದು. ಕಾಲಿನ ಸಂದಿಯಲ್ಲಿ ನುಸುಳುವುದು, ಗಿರಗಿರ ಸುತ್ತುವುದು, ಹಿಂದುಹಿಂದಕ್ಕೆ ನಡೆಯುವುದು. ಸಂಜೆ ನಮ್ಮ ಅಂಗಳದಲ್ಲಿ ಮೊಬೈಲಿನಲ್ಲಿ ಹಾಡು ಹಾಕಿಕೊಂಡು ಇವರಿಬ್ಬರದೂ ಇದೇ.

"ಕುಣಿದ್ರೆ ಬಾಂಬ್ ಸಿಗ್ತದೇನೋ?" ಅಂತ ಕೇಳಿದೆ.

"ಇಡೀ ದಿನ ಡಿಕ್ಕಿ ಮೂಸಿ ಮೂಸಿ ಬಂದಿರ್ತದ್ರಿ. ಅದಕ್ಕೂ ಒಂದಿಷ್ಟ ಆಟ ಬೇಕಲ್ರಿ ಅಮ್ಮಾರ."

ಒಂದು ದಿನ ಏಜೆನ್ಸಿಯ ಸೂಪರ್‌ವೈಸರ್ ಪ್ರಕಾಶ ಬೈಕಿನಲ್ಲಿ ಬಂದ. ಬೈಕು ಆಫ್ ಕೂಡ ಮಾಡದೆ ಹೇಳಿದ: "ಯಮನೂರಪ್ಪ, ಮುಂದಿನ ತಿಂಗಳ ಕೊನೆಗೆ ಡಾಗ್ ಶೋ. ಒಬೀಡಿಯನ್ಸ್ ಪಾಸಾಗದ ನಾಯಿಗಳನ್ನ ಗೇಟಲ್ಲಿ ಇಟ್ಕೊಳಲ್ಲ ಅಂತ ಆಫೀಸಲ್ಲಿ ಡಿಸೈಡ್ ಆಗಿದೆ. ನಿನ್ನ ನಾಯಿಗೆ ಬೇರೆ ಏಜ್ ಆಯ್ತು."

"ಪಾಸ್ ಆಗ್ಲಿಲ್ಲಂದ್ರ ಏನ್ ಮಾಡ್ತೀರಿ ಸಾರ್?"

"ಅತ್ತಿಬೆಲೇಲಿ ಓನರ್ ಗೋಡೌನ್ ಇದೆಯಲ್ಲ, ಅಲ್ಲಿ ಕಟ್ಟಾಕೋದು. ಊಟಕ್ಕೇನೂ ಮೋಸ ಇಲ್ಲ ಬಿಡು."

ಬೈಕು ಹೋಯಿತು. ಯಮನೂರ ಅಂದು ಹಾಡು ಹಾಕಲಿಲ್ಲ. ರೂಬಿ ತಾನಾಗಿಯೇ ಹೋಗಿ ಅವನ ಕಾಲಿನ ಸಂದಿಯಲ್ಲಿ ನುಸುಳಿ, ಹಾಡಿಗೆ ಕಾಯುತ್ತಾ ನಿಂತಿತು. ನಾನು ಅಕ್ಕಿ ಆರಿಸುತ್ತಿದ್ದೆ. ಕಣ್ಣಿಗೆ ದೂಳು ಬಿತ್ತು ಅಂತೆಲ್ಲ ಬರೆಯುವವಳು ನಾನಲ್ಲ. ಅಕ್ಕಿಯಲ್ಲಿ ಕಲ್ಲು ಜಾಸ್ತಿ ಇತ್ತು, ಅಷ್ಟೇ.

ಅದಾದ ಮೇಲೆ ಅವನು ಬೆಳಗ್ಗೆ ಸಂಜೆ ಪ್ರಾಕ್ಟೀಸ್ ಹಿಡಿದ. ಒಂದು ವಾರ ಆಗಿರಬೇಕು, ಹೋಪ್ ಫಾರ್ಮ್ ಸರ್ಕಲ್ಲಿನಲ್ಲಿ ಟೆಂಪೊ ಒಂದು ಅವನ ಪಾದದ ಮೇಲೆ ಹತ್ತಿತು. ಮೂಳೆ ಮುರಿದು ಕಾಲಿಗೆ ಪ್ಲಾಸ್ಟರ್ ಪಟ್ಟಿ. ನಾಯಿಯನ್ನು ನಡೆಸುವವರು ಯಾರು? ಏಜೆನ್ಸಿಯಿಂದ ಬೇರೆ ಹ್ಯಾಂಡ್ಲರ್ ಬಂದ. ರೂಬಿ ಅವನ ಜೊತೆ ನಮ್ಮ ಗೇಟು ದಾಟಲಿಲ್ಲ. ಎಳೆದ. ಕೂತುಬಿಟ್ಟಿತು.

ಅದು ಎದ್ದು ಬರುತ್ತಿದ್ದದ್ದು ನನ್ನ ಹಿಂದೆ ಮಾತ್ರ. ಯಾಕೆ ಅಂತ ಕೇಳಬೇಡಿ. (ಸರಿ, ಹೇಳುತ್ತೇನೆ. ನಾನು ಮುದ್ದೆ ತಿನ್ನುವಾಗ ಒಂದು ಜೀವ ಬಾಯಿ ನೋಡುತ್ತಾ ಕೂತರೆ, ಅದಕ್ಕೊಂದು ತುತ್ತು ಹಾಕದೆ ನನಗೆ ಗಂಟಲಲ್ಲಿ ಇಳಿಯುವುದಿಲ್ಲ. ಅದು ಪ್ರೀತಿ ಗೀತಿ ಅಲ್ಲ. ಅಭ್ಯಾಸ.)

"ಅಮ್ಮಾರ, ನೀವ ಒಂದಿಷ್ಟ ನಡಸ್ರಿ," ಅಂದ ಯಮನೂರ. "ಬಿಟ್ರ ಮರತಬಿಡ್ತದ್ರಿ. ಅತ್ತಿಬೆಲಿಗೆ ಒಯ್ದು ಚೈನ್ ಹಾಕ್ತಾರ."

"ನಂಗೇ ನಡೆಯಕ್ಕಾಗಲ್ಲ, ನಾಯಿ ನಡೆಸ್ಲಾ?"

"ನಾ ಹೇಳ್ಕೊಡ್ತೀನ್ರಿ."

ಹೇಳಿಕೊಟ್ಟ. ಮಗುಚಿಟ್ಟ ಬಕೆಟ್ಟಿನ ಮೇಲೆ ಕಾಲು ಚಾಚಿ ಮಹಾರಾಜನ ಹಾಗೆ ಕೂತು ಹೇಳಿಕೊಟ್ಟ. "ಹೀಲ್ ಅನ್ರಿ." ಅಂದೆ. "ಹಗ್ಗ ಜಗ್ಗಬ್ಯಾಡ್ರಿ." ಬಿಟ್ಟೆ. "ಅದನ್ನ ನೋಡಬ್ಯಾಡ್ರಿ, ಮುಂದ ನೋಡ್ರಿ." ನೋಡಿದೆ. "ಅಮ್ಮಾರ, ಸ್ವಲ್ಪ ಜೋರ..."

"ಜೋರು ಬೇಕಂದ್ರೆ ನೀನೇ ಎದ್ದು ಬಾ," ಅಂದೆ. ಆಮೇಲೆ ಜೋರು ಅನ್ನುವ ಮಾತು ಅವನ ಬಾಯಲ್ಲಿ ಬರಲಿಲ್ಲ.

ಬೆಳಗ್ಗೆ ಅಂಗಳದಲ್ಲಿ, ಸಂಜೆ ಹಾಲಿನ ಬೂತಿನವರೆಗೆ. ಡಾನ್ಸಿಗೆ ಮಾತ್ರ ನಾನು ಒಪ್ಪಲಿಲ್ಲ. ಹಾಡು ಹಾಕಿದರೆ ಕಂಬದ ಹಾಗೆ ನಿಂತಿರುತ್ತಿದ್ದೆ. ರೂಬಿಯೇ ನನ್ನ ಸುತ್ತ ಪ್ರದಕ್ಷಿಣೆ ಬಂದು, ಸೀರೆಯ ನೆರಿಗೆಗೆ ಮೂತಿ ಒರೆಸಿ ಕೂರುತ್ತಿತ್ತು.

ಹಾಲಿನ ಬೂತಿನ ದಾರಿಯಲ್ಲಿ ದೊಡ್ಡ ಅಪಾರ್ಟ್‌ಮೆಂಟಿನ ಜನ ವಾಕಿಂಗ್ ಬರುತ್ತಾರೆ. ಗಂಡ ಮುಂದೆ, ಹೆಂಡತಿ ಹಿಂದೆ, ಇಬ್ಬರ ಕಿವಿಯಲ್ಲೂ ವಯರು. ಕೇಳಿದರೆ "ಒಟ್ಟಿಗೆ ವಾಕ್ ಹೋಗ್ತೀವಿ" ಅನ್ನುತ್ತಾರೆ. ಇರಲಿ, ನಾನೇನು ಹೆಚ್ಚು? ನಮ್ಮ ಯಜಮಾನರು ಸಂತೆಗೆ ಹೊರಟರೆ ಮಾರು ದೂರ ಮುಂದೆ ಇರುತ್ತಿದ್ದರು. ಹೆಂಡತಿಯ ಪಕ್ಕ ನಡೆದರೆ ಊರವರು ನಗುತ್ತಾರೆ ಅಂತ. ಮಂಡಿ ಚೆನ್ನಾಗಿದ್ದ ಕಾಲದಲ್ಲೂ ನಾನು ನೋಡಿದ್ದು ಅವರ ಬೆನ್ನನ್ನೇ. ಈಗ ಮಗಳ ಜೊತೆ ಆಸ್ಪತ್ರೆಗೆ ಹೋದರೆ ಅವಳ ಬೆನ್ನು.

ಯಮನೂರನ ಕಾಲಿನ ಪಟ್ಟಿ ಬಿಚ್ಚಿದರು. ಅಷ್ಟರಲ್ಲಿ ಶೋ ಬಂದೇಬಿಟ್ಟಿತ್ತು. ವೈಟ್‌ಫೀಲ್ಡಿನ ಆಚೆ ಒಂದು ಶಾಲೆಯ ಮೈದಾನ. ಏಜೆನ್ಸಿಯ ವ್ಯಾನಿನಲ್ಲಿ ಯಮನೂರ ನನ್ನನ್ನೂ ಹತ್ತಿಸಿಕೊಂಡ. ಅಲ್ಲಿ ನೋಡಿದ ನಾಯಿಗಳನ್ನು ಏನಂತ ವರ್ಣಿಸಲಿ? ಒಂದಕ್ಕೆ ಹೇರ್ ಡ್ರೈಯರ್ ಹಿಡಿದಿದ್ದರು. ಒಂದು ಫ್ಯಾನಿನ ಮುಂದೆ ಕೂತಿತ್ತು. ಒಂದರ ಕೂದಲು ನೆಲ ಮುಟ್ಟುತ್ತಿತ್ತು. ರೂಬಿಗೆ ಯಮನೂರ ಒದ್ದೆ ಟವೆಲ್ಲಿನಲ್ಲಿ ಮೈ ಒರೆಸಿದ. ಮೇಕಪ್ ಮುಗಿಯಿತು.

ರೂಬಿಯ ಸರದಿ ಬಂತು. ಜಡ್ಜ್ ಒಬ್ಬರು ರಿಟೈರ್ಡ್ ಮಿಲಿಟರಿಯವರು, ಬಿಳಿ ಮೀಸೆ, ಕೈಯಲ್ಲಿ ಪ್ಯಾಡು. ಕೂರು, ಕೂತಿತು. ಮಲಗು, ಮಲಗಿತು. ಯಮನೂರ ದೂರ ಹೋಗಿ ಕರೆದ, ಬಂದು ಎದುರಿಗೇ ಕೂತಿತು. ನನ್ನ ಹಿಂದೆ ನಿಂತಿದ್ದ ಪ್ರಕಾಶ ಕೂಡ "ಪರವಾಗಿಲ್ವೇ" ಅಂದ.

ಆಮೇಲೆ ಹಗ್ಗ ಬಿಚ್ಚಿದರು. ಹೀಲ್.

ಯಮನೂರನ ಕಾಲು ನೆಟ್ಟಗಾಗಿತ್ತು. ಸೈನಿಕನ ಹಾಗೆ ಹೆಜ್ಜೆ ಹಾಕಿದ. ರೂಬಿ ಒಂದು ಹೆಜ್ಜೆ ಇಟ್ಟಿತು, ನಿಂತಿತು, ತಲೆಯೆತ್ತಿ ಅವನ ಎಡ ಮಂಡಿ ನೋಡಿತು. ಅಷ್ಟರಲ್ಲಿ ಮಂಡಿ ಮುಂದೆ ಹೋಗಿಯಾಗಿತ್ತು. ಓಡಿ ಹಿಡಿಯಿತು. ಮತ್ತೆ ಒಂದು ಹೆಜ್ಜೆ, ಮತ್ತೆ ನಿಂತಿತು, ಮತ್ತೆ ಹಿಂದೆ ಉಳಿಯಿತು. ಜಡ್ಜು ಬರೆದುಕೊಂಡರು.

"ಹೋಯ್ತು ಬಿಡಿ," ಅಂದ ಪ್ರಕಾಶ. "ಕುಂಟ್ತಾ ಇದೆ. ವಯಸ್ಸಾದ್ರೆ ಇಷ್ಟೇ."

ನಾನು ನೋಡುತ್ತಲೇ ಇದ್ದೆ. ಆ ನಡಿಗೆ ನನಗೆ ಗೊತ್ತಿತ್ತು. ಗೊತ್ತಿರದೇ ಇರುತ್ತದೆಯೇ?

"ಕುಂಟ್ತಾ ಇಲ್ಲ ಕಣಪ್ಪ," ಅಂದೆ. "ಕಾಯ್ತಾ ಐತೆ."

ಅವನಿಗೆ ಅರ್ಥವಾಗಲಿಲ್ಲ. ನಾನು ಎಡಗಾಲು ಎಳೆದುಕೊಂಡು ಬರುವವರೆಗೆ ಆ ನಾಯಿ ದಿನವೂ ನಿಂತಿದೆ. ಹಾಲಿನ ಬೂತಿಗೆ ಹೋಗುವಾಗಲೂ, ಬರುವಾಗಲೂ. ಮುಂದೆ ಹೋಗಿ ತಿರುಗಿ ನೋಡಿ "ಬೇಗ ಬಾ" ಅಂದವರನ್ನು ನಾನು ಜೀವಮಾನವೆಲ್ಲ ಕಂಡಿದ್ದೇನೆ. ಪಕ್ಕದಲ್ಲಿ ನಿಂತು ಕಾದವರು ಯಾರು? ಇದು ಕಾದಿತ್ತು, ಅದು ನನ್ನ ಗಮನಕ್ಕೇ ಬಂದಿರಲಿಲ್ಲ. ಮುಂದೆ ನೋಡಿ ನಡೀರಿ ಅಂದಿದ್ದನಲ್ಲ ಆ ಯಮನೂರ.

ಮೈದಾನದ ನಡುವೆ ಅವನಿಗೂ ತಿಳಿದಿರಬೇಕು. ಒಮ್ಮೆ ನನ್ನ ಕಡೆ ತಿರುಗಿ ನೋಡಿದ. ಆಮೇಲೆ ಬಲಗಾಲು ಇಟ್ಟ, ಒಂದು ಗಳಿಗೆ ನಿಂತ, ಎಡಗಾಲನ್ನು ಎಳೆದುಕೊಂಡ.

ಜನ ನಕ್ಕದ್ದು ಆಗಲೇ.

ರೂಬಿ ಬಂದು ಅವನ ಮಂಡಿಗೆ ಅಂಟಿಕೊಂಡಿತು. ಅವನು ನಿಂತರೆ ನಿಂತಿತು, ಎಳೆದರೆ ನಡೆಯಿತು. ಎಡಕ್ಕೆ ತಿರುಗು ಅಂದರು, ಇಬ್ಬರೂ ಕುಂಟುತ್ತಲೇ ತಿರುಗಿದರು. ಬಲಕ್ಕೆ, ಹಾಗೇ. "ಫಾಸ್ಟ್" ಅಂದರು ಜಡ್ಜು. ಫಾಸ್ಟಾಗಿ ಕುಂಟಿದ. (ಅಷ್ಟು ಫಾಸ್ಟಾಗಿ ನನಗೇ ಕುಂಟಲು ಬರುವುದಿಲ್ಲ.) ಇಬ್ಬರ ನಡುವೆ ಒಂದು ಕಾಗದ ತೂರಿಸಲೂ ಜಾಗವಿರಲಿಲ್ಲ. ನಗು ನಿಂತುಹೋಯಿತು.

ಜಡ್ಜು ಹತ್ತಿರ ಬಂದರು. ನಮಗೆಲ್ಲ ಕೇಳಿಸುತ್ತಿತ್ತು.

"ಏನಪ್ಪಾ, ಮೊದಲು ಸರಿಯಾಗೇ ನಡೀತಿದ್ದೆ. ಕಾಲಿಗೆ ಏನಾಯ್ತು?"

"ಕಾಲು ಸರಿ ಐತ್ರಿ ಸಾರ್. ನನ್ನ ಕಾಲು ಮುರದಾಗ ನಮ್ಮ ಮನೀ ಅಮ್ಮಾರು ಇದನ್ನ ನಡಸ್ಯಾರ್ರಿ. ಅವರ ಜೋಡಿ ನಡದು ರೂಢಿ ಆಗೇತ್ರಿ. ಅದರ ತಪ್ಪಿಲ್ರಿ."

ಜಡ್ಜು ನನ್ನ ಕಡೆ ನೋಡಿದರು. ನಾನು ಸೀರೆ ಎಳೆದು ಮಂಡಿ ಮುಚ್ಚಿಕೊಂಡೆ. ಮುಚ್ಚಿಯೇ ಇತ್ತು, ಆದರೂ.

"ಹ್ಯಾಂಡ್ಲರ್ ಹೇಗೆ ನಡೀತಾನೆ ಅನ್ನೋದಕ್ಕೆ ನನ್ನ ಹತ್ರ ಮಾರ್ಕ್ಸ್ ಇಲ್ಲ," ಅಂದರು. "ನಾಯಿ ಅವನ ಜೊತೆಗಿದೆಯಾ ಇಲ್ವಾ ಅನ್ನೋದಕ್ಕೆ ಮಾತ್ರ ಮಾರ್ಕ್ಸ್. ಮೊದಲು ಇರಲಿಲ್ಲ, ಅದಕ್ಕೆ ಕಟ್ ಮಾಡಿದೀನಿ. ಆಮೇಲೆ ಇತ್ತು."

ಕಪ್ ಬರಲಿಲ್ಲ. ಪಾಸಾಯಿತು. ಪ್ರಕಾಶ ಫೋನಿನಲ್ಲಿ ಆಫೀಸಿಗೆ ಹೇಳುತ್ತಿದ್ದ: "ಸಾರ್, ರೂಬಿ ಪಾಸು. ಹೂಂ ಸಾರ್, ಗೇಟಿಗೇ ಬರತ್ತೆ." ಯಮನೂರ ಮೈದಾನದ ಅಂಚಿನಲ್ಲಿ ಮೊಣಕಾಲೂರಿ ಕೂತು ನಾಯಿಯ ಕುತ್ತಿಗೆಯಲ್ಲಿ ಮುಖ ಹುದುಗಿಸಿದ್ದ. ನಾನು ಹೋಗಿ, "ಏಳೋ, ಯೂನಿಫಾರ್ಮೆಲ್ಲ ಕೂದ್ಲಾಯ್ತು," ಅಂದೆ.

ಮಧ್ಯಾಹ್ನ ಡಾನ್ಸು. ಅಲ್ಲಿ ಅವನು ಶುರುವಿನಿಂದಲೇ ನನ್ನ ನಡಿಗೆ ಹಿಡಿದ. ಹಾಡು ಹೋಗುತ್ತಿದೆ, ಇವನು ಹೆಜ್ಜೆ ಇಟ್ಟು ನಿಲ್ಲುತ್ತಾನೆ, ರೂಬಿ ಕಾಲಿನ ಸಂದಿಯಲ್ಲಿ ಅರ್ಧ ನುಸುಳಿ ನಿಲ್ಲುತ್ತದೆ, ಇವನು ಎಳೆಯುತ್ತಾನೆ, ಅದು ಆಚೆ ಬರುತ್ತದೆ. ತಾಳಕ್ಕೆ ಸರಿಯಾಗಿ. ಕೊನೆಯಲ್ಲಿ ಅವನು ಕಂಬದ ಹಾಗೆ ನಿಂತುಬಿಟ್ಟ. ರೂಬಿ ಸುತ್ತ ಬಂದು, ಪ್ಯಾಂಟಿಗೆ ಮೂತಿ ಒರೆಸಿ, ಕೂತಿತು. ಅದು ಯಾರ ಪಾರ್ಟು ಅಂತ ಅಲ್ಲಿದ್ದವರಲ್ಲಿ ಮೂರು ಜೀವಕ್ಕೆ ಮಾತ್ರ ಗೊತ್ತು.

ಬಹುಮಾನ ಬೇರೆಯವರಿಗೆ ಹೋಯಿತು. ಗೆದ್ದ ನಾಯಿಯ ಮೇಡಂ ಬಂದು ಯಮನೂರನನ್ನು ಕೇಳಿದರು: "ಆ ನಿಂತು ನಿಂತು ಎಳೆಯೋ ಸ್ಟೆಪ್ಪು ತುಂಬಾ ಡಿಫರೆಂಟಾಗಿದೆ. ಯಾರು ಕೊರಿಯೋಗ್ರಾಫ್ ಮಾಡಿದ್ದು?"

ಅವನು ನನ್ನನ್ನು ತೋರಿಸಿದ. ಮೇಡಂ ನನಗೆ ಕೈಮುಗಿದರು. (ಕೊರಿಯೋಗ್ರಾಫ್ ಅನ್ನುವುದರ ಕಾಗುಣಿತ ಪೇಪರಿನವರು ನೋಡಿಕೊಳ್ಳಲಿ. ನಾನು ಓದಿದ ಮೂರನೇ ಕ್ಲಾಸಿನವರೆಗೆ ಅದು ಬಂದಿರಲಿಲ್ಲ.)

ಸಂಜೆ ವ್ಯಾನು ನಮ್ಮನ್ನು ರಸ್ತೆಯ ತುದಿಯಲ್ಲಿ ಇಳಿಸಿತು. ಯಮನೂರ ಬ್ಯಾಗು ಹೆಗಲಿಗೇರಿಸಿ ಮುಂದೆ ಹೋದ. ರೂಬಿ ಹೋಗಲಿಲ್ಲ. ನನ್ನ ಎಡಕ್ಕೆ ಬಂದು ನಿಂತಿತು. ಅವನು ತಿರುಗಿ ನೋಡಿ, "ಲಗೂನ ಬ..." ಅಂತ ಶುರುಮಾಡಿದವನು ಮಾತು ನುಂಗಿಕೊಂಡು ಅಲ್ಲೇ ನಿಂತ. ನಾವು ಬರುವವರೆಗೂ ನಿಂತಿದ್ದ. ನಾಯಿಯಿಂದ ಮನುಷ್ಯ ಕಲಿಯಬಹುದು ಅಂತ ಆಯಿತು, ನಿಧಾನಕ್ಕೆ.

ಮನೆಗೆ ಬಂದರೆ ಮಂಜುಳಾಳ ಫೋನು. "ಅಮ್ಮ, ಡಾಕ್ಟರ್ ಡೇಟ್ ಕೇಳ್ತಿದಾರೆ. ಮಂಡಿ ಚೇಂಜ್ ಮಾಡಿಸಿದ್ರೆ ಎಲ್ಲರ ಹಾಗೆ ಸರಸರ ನಡೀತೀಯ. ಫಿಕ್ಸ್ ಮಾಡ್ಲಾ?"

ಇನ್ನೂ ಉತ್ತರ ಹೇಳಿಲ್ಲ. ನಾನು ಸರಸರ ನಡೆಯುವುದೇನೋ ಸರಿ, ಅದನ್ನು ರೂಬಿಗೆ ಹೇಳುವವರು ಯಾರು?